ಕೈ ಮೇಲೆ ಕೂರುವ ಡಾಕ್ಟರು

"ಅಮ್ಮಾ, ಡಾಕ್ಟರ್ ಹೆನ್ನಿಂಗ್ ಯಾಕೆ ಯಾವಾಗ್ಲೂ ಕೈ ಮೇಲೇ ಕೂತ್ಕೋತಾರೆ? ಅವರಿಗೆ ಚಳಿನಾ?"

ಭಾನುವಾರ ಮಧ್ಯಾಹ್ನ ಅವರು ನಮ್ಮ ಮನೆಯಿಂದ ಎದ್ದು ಹೋದ ಮೇಲೆ ಹ್ಯಾಟಿ ಕೇಳಿದಳು. ಅವಳಿಗೆ ಐದು ವರ್ಷ. ಅಡುಗೆಮನೆಯ ಮೇಜಿನ ಮುಂದೆ ಅವರು ಮುಕ್ಕಾಲು ಗಂಟೆ ಕೂತಿದ್ದರು. ಕೊನೆಯ ಎರಡು ನಿಮಿಷ ಬಿಟ್ಟರೆ ಅಷ್ಟು ಹೊತ್ತೂ ಎರಡು ಅಂಗೈಗಳೂ ತೊಡೆಯ ಕೆಳಗೇ. ತಾವೇ ತಂದ ರೂಬಾರ್ಬ್ ದಂಟಿನ ಸಿಹಿ ಪೈಯನ್ನೂ ಮುಟ್ಟಲಿಲ್ಲ. ಜೂನ್ ತಿಂಗಳು. ಚಳಿ ಎಲ್ಲಿಂದ ಬರಬೇಕು?

"ಅಭ್ಯಾಸ ಕಣೇ," ಎಂದೆ.

"ಯಾರು ಅಭ್ಯಾಸ ಮಾಡ್ಸಿದ್ದು?"

ಅವಳ ಕೈಗೆ ಪೈ ತುಂಡು ಕೊಟ್ಟು ಹಿತ್ತಲಿಗೆ ಕಳಿಸಿದೆ. ಬುಧವಾರ ನಮ್ಮ ಆಸ್ಪತ್ರೆಯ ವಿಚಾರಣಾ ಸಮಿತಿ ಕೂರುತ್ತದೆ. ಬ್ರಿಟಾ ಲುಂಡೀನ್ ಎಂಬ ಇಪ್ಪತ್ತೊಂಬತ್ತರ ಹುಡುಗಿ ಇನ್ನು ಮುಂದೆ ಕಣ್ಣಿನ ಆಪರೇಷನ್ ಮಾಡಬಹುದೋ ಕೂಡದೋ ಎಂಬುದು ಅವತ್ತು ತೀರ್ಮಾನವಾಗುತ್ತದೆ. ಆರ್ವಿಲ್ ಟೆಂಚ್ ಎಂಬ ಮುದುಕರ ಕಣ್ಣು ತೀರ್ಮಾನವಾಗಿಹೋಗಿ ಆಗಲೇ ಎರಡು ತಿಂಗಳಾಯಿತು. ಅಷ್ಟರೊಳಗೆ ಡಾಕ್ಟರ್ ಹೆನ್ನಿಂಗ್ ಬಗ್ಗೆ ನನಗೆ ಗೊತ್ತಿರುವುದನ್ನು ಒಂದು ಕಡೆ ಬರೆದಿಡಬೇಕು.

ನಾನು ಮಾಜಿ ಸೈನಿಕರ ಆಸ್ಪತ್ರೆಯ ಕಣ್ಣಿನ ಥಿಯೇಟರಿನಲ್ಲಿ ನರ್ಸ್. ಡಾಕ್ಟರು ಕೇಳುವ ಮೊದಲೇ ಬೇಕಾದ ಸಲಕರಣೆಯನ್ನು ಅಂಗೈಗೆ ಇಡುವುದು ನನ್ನ ಕೆಲಸ. ಮಿಸಿಸಿಪ್ಪಿ ನದಿಯ ಆಚೆ ದಡದಲ್ಲಿ ವಿಶ್ವವಿದ್ಯಾಲಯ, ಈಚೆ ದಡದಲ್ಲಿ ನಾವು. ಕಣ್ಣಿನ ಡಾಕ್ಟರಾಗಲು ಕಲಿಯುವ ಹುಡುಗ ಹುಡುಗಿಯರು ವರ್ಷಕ್ಕೆ ಮೂವರಂತೆ ಸೇತುವೆ ದಾಟಿ ಬರುತ್ತಾರೆ. ಪುಸ್ತಕ ಓದಿ ಬಂದ ಕೈ ಮೊದಲ ಸಲ ಜೀವಂತ ಕಣ್ಣಿಗೆ ಇಳಿಯುವುದು ನಮ್ಮ ಕೋಣೆಯಲ್ಲೇ. ನಮ್ಮ ಮುದುಕರಿಗೂ ಇದು ಗೊತ್ತು. "ದೇಶಕ್ಕೆ ಮೈ ಕೊಟ್ಟಾಯ್ತು, ಕಣ್ಣೊಂದು ಯಾಕೆ ಉಳಿಸ್ಕೊಳ್ಳೋದು," ಎಂದು ಅವರೇ ನಗುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತು, ಒಂದೊಂದು ಕಣ್ಣಿಗೆ ಔಷಧಿ ಬಿಡಿಸಿಕೊಂಡು, ಒಬ್ಬರ ಕಾಲು ಒಬ್ಬರು ಎಳೆಯುತ್ತಿರುತ್ತಾರೆ.

"ನೀನು ನೇವಿಯವನಾ? ಹಡಗಲ್ಲಿ ಕೂತು ಐಸ್‌ಕ್ರೀಮ್ ತಿಂದ್ಕೊಂಡು ಯುದ್ಧ ಮಾಡ್ದೋನಿಗೆ ಪೊರೆ ಹೇಗಯ್ಯ ಬಂತು?"

"ನಿಮ್ಮ ಸೈನ್ಯದೋರು ಓಡಿಹೋಗೋದನ್ನ ದುರ್ಬೀನ್ ಹಾಕಿ ನೋಡಿ ನೋಡಿ ಬಂತು."

ಒಳಗೆ ಬಂದು ಮಲಗಿದ ಮೇಲೆ ಮಾತ್ರ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಡಾಕ್ಟ್ರೇ, ನಂದು ನಿಮಗೆ ಎಷ್ಟನೇ ಕಣ್ಣು?" ಹೊಸಬರಿಗೆ ನಾವು ಕಲಿಸುವ ಮೊದಲ ಪಾಠ ಅದರ ಉತ್ತರ: "ಡಾಕ್ಟರ್ ಹೆನ್ನಿಂಗ್ ಮತ್ತೆ ನಾನು ಸೇರಿ ಮಾಡ್ತೀವಿ." ಅದು ಸುಳ್ಳಲ್ಲ. ಕೇಳಿದ್ದಕ್ಕೆ ಉತ್ತರವೂ ಅಲ್ಲ.

ಆರ್ಲೋ ಹೆನ್ನಿಂಗ್‌ಗೆ ಅರವತ್ತೇಳು. ಜೋಳದ ಹೊಲದಿಂದ ಹೊರಟು, ಹತ್ತೊಂಬತ್ತಕ್ಕೆ ವಿಯೆಟ್ನಾಮಿನಲ್ಲಿ ಗಾಯಾಳುಗಳಿಗೆ ಕಟ್ಟು ಕಟ್ಟುವ ಹುಡುಗನಾಗಿ, ಹಿಂದಿರುಗಿ ಓದಿ ಡಾಕ್ಟರಾದವರು. ಹೊರಗಿನ ಆಸ್ಪತ್ರೆಗಳು ಎಷ್ಟೋ ಕರೆದವು. ಹೋಗಲಿಲ್ಲ. ಮೂವತ್ತೊಂದು ವರ್ಷ ಒಂದೇ ಕೋಣೆ, ಒಂದೇ ಗಾಲಿ ಸ್ಟೂಲು. ಮದುವೆಯಾಗಿತ್ತು, ಮುರಿಯಿತು. "ಅವಳು ಹೇಳಿದ್ದು ಸರಿ. ಕೈ ಕಟ್ಕೊಂಡು ಕೂರೋ ತಾಳ್ಮೆ ನನಗೆ ಆಸ್ಪತ್ರೇಲಿ ಮಾತ್ರ ಇತ್ತು," ಎನ್ನುತ್ತಿದ್ದರು, ಮುಖದಲ್ಲಿ ನಗು ಇಲ್ಲದೆ.

ಕೈ ಮೇಲೆ ಕೂರುವುದಕ್ಕೆ ಒಂದು ಕತೆ ಇದೆ. ಎಂಬತ್ನಾಲ್ಕನೇ ಇಸವಿಯಲ್ಲಿ, ಕಲಿಯಲು ಬಂದಿದ್ದ ರಸೆಲ್ ಎಂಬ ಹುಡುಗ ಆಪರೇಷನ್ ಮಾಡುವಾಗ ಕೈ ಒಂದು ಕ್ಷಣ ಅಳುಕಿತಂತೆ. ಇವರು ಗಾಬರಿಯಾಗಿ ಅವನ ಕೈಯಿಂದ ಚಾಕು ಕಿತ್ತುಕೊಂಡರಂತೆ. ಕಣ್ಣು ಉಳಿಯಿತು, ಹುಡುಗ ಉಳಿಯಲಿಲ್ಲ. ಮುಂದೆ ಯಾವತ್ತೂ ಚಾಕು ಹಿಡಿಯಲಿಲ್ಲ. ಈಗ ಯಾವುದೋ ಮಾಲ್‌ನಲ್ಲಿ ಕನ್ನಡಕಕ್ಕೆ ನಂಬರ್ ನೋಡುತ್ತಾನೆ. "ಅವತ್ತು ಇನ್ನು ಹತ್ತು ಸೆಕೆಂಡ್ ಬಿಟ್ಟಿದ್ರೆ ಅವನೇ ಸರಿ ಮಾಡ್ಕೋತಿದ್ದ, ಡೆನಾ. ನನ್ನ ಕೈ ತಡೀಲಿಲ್ಲ," ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು. ಅವತ್ತಿನಿಂದ ಕಲಿಯುವವರ ಪಕ್ಕ ಕೂರುವಾಗ ಎರಡೂ ಕೈಗಳನ್ನು ತೊಡೆಯಡಿ ಸೇರಿಸಿಬಿಡುವುದು.

ಕೈಯನ್ನು ಹಾಗೆ ಕಟ್ಟಿಹಾಕಿದರು. ಬಾಯಿಯನ್ನೂ ಆಡಿಸುವಂತಿಲ್ಲ. ಕಣ್ಣಿನ ಆಪರೇಷನ್ನಿನಲ್ಲಿ ರೋಗಿಗೆ ಪೂರ್ತಿ ಎಚ್ಚರ ಇರುತ್ತದೆ. ಬಟ್ಟೆಯಡಿ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಾನೆ. "ಅಯ್ಯೋ, ಅಲ್ಲಲ್ಲ," ಎಂದರೆ ಮುಗಿಯಿತು. ಹಾಗಾಗಿ ಅವರದು ಮೊಣಕಾಲಿನ ಪಾಠ. ರೋಗಿಯ ತಲೆಯ ಹಿಂದೆ ಕಲಿಯುವವರು, ಪಕ್ಕಕ್ಕೆ ಅಂಟಿಕೊಂಡು ಇವರು. ಒಂದೇ ಮೈಕ್ರೋಸ್ಕೋಪಿಗೆ ಇಬ್ಬರಿಗೂ ಕಿಂಡಿ. ಮೊಣಕಾಲಿಗೆ ಮೊಣಕಾಲು ಒಂದು ಸಲ ತಾಗಿದರೆ ನಿಧಾನ ಎಂದು. ಎರಡು ಸಲ ತಾಗಿದರೆ ನಿಲ್ಲಿಸು. ಒತ್ತಿ ಹಿಡಿದರೆ ಏಳು, ಜಾಗ ಬಿಡು. ತಾಗದೆ ಇದ್ದರೆ ಎಲ್ಲ ಸರಿಯಾಗಿದೆ, ಮುಂದುವರಿಸು. ಮೂವತ್ತೊಂದು ವರ್ಷ ತೊಂಬತ್ತು ಮಂದಿ ಆ ಮೊಣಕಾಲನ್ನು ನಂಬಿ ಕಲಿತರು. ಈಗಿನ ನಮ್ಮ ವಿಭಾಗದ ಮುಖ್ಯಸ್ಥರೂ ಅವರಲ್ಲಿ ಒಬ್ಬರು.

ಅವರದೇ ಇನ್ನೊಂದು ಕಟ್ಟಳೆ ಇತ್ತು: ಒಂಟಿ ಕಣ್ಣು ಕಲಿಯುವವರಿಗಲ್ಲ. ಒಂದು ಕಣ್ಣು ಮೊದಲೇ ಹೋಗಿದ್ದವರು ಬಂದರೆ ಇವರೇ ತಲೆಯ ಹಿಂದೆ ಕೂರುತ್ತಿದ್ದರು.

ನನಗೆ ಅವರು ಏನಾಗಿದ್ದರು ಎಂಬುದನ್ನೂ ಹೇಳಬೇಕು. ಹ್ಯಾಟಿ ಹುಟ್ಟಿದಾಗ ನನ್ನನ್ನು ರಾತ್ರಿ ಪಾಳಿಗೆ ಹಾಕಿದ್ದರು. ಗಂಡ ಕರ್ಟ್ ಬಿತ್ತನೆ ಜೋಳದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ಮಗುವನ್ನು ಯಾರ ಕೈಗೆ ಕೊಡುವುದು? ನಾನು ಕೇಳದೆಯೇ ಡಾಕ್ಟರು ಮೇಲಿನವರ ಹತ್ತಿರ ಹೋಗಿ, "ಕಣ್ಣಿನ ಥಿಯೇಟರಿಗೆ ಡೆನಾ ಬೇಕು, ಬೆಳಿಗ್ಗೆ ಏಳರಿಂದ ಮೂರು, ಇಲ್ಲದಿದ್ರೆ ನಾನೂ ಇಲ್ಲ," ಎಂದು ಜಗಳ ಮಾಡಿ ಬಂದಿದ್ದರು. ಶನಿವಾರ ಹೊಸಬರು ಹಂದಿಯ ಕಣ್ಣಿನ ಮೇಲೆ ಕೈ ಪಳಗಿಸುವಾಗ ಹ್ಯಾಟಿಯನ್ನೂ ಕರೆದುಕೊಂಡು ಬಾ ಎಂದವರೂ ಅವರೇ. ಕಸಾಯಿಖಾನೆಯಿಂದ ಕಣ್ಣು ತರುವುದು ನನ್ನ ಪಾಲು. "ಈ ವಾರ ಎಷ್ಟು ಜೋಡಿ ನೋಡುತ್ವೆ ನಮ್ಮನ್ನ?" ಎಂದು ಕಟುಕ ಡೇಲ್ ಪ್ರತಿ ಸಲವೂ ಅದೇ ಹಾಸ್ಯ ಮಾಡುತ್ತಿದ್ದ. ಐಸ್ ಡಬ್ಬದಲ್ಲಿ ಒಂದು ಕಡೆ ಇಪ್ಪತ್ತು ಕಣ್ಣು, ಇನ್ನೊಂದು ಕಡೆ ಹ್ಯಾಟಿಯ ಸೇಬಿನ ರಸ. ಅವಳು ಬಣ್ಣದ ಕಡ್ಡಿ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದಳು. ಕೈ ಮೇಲೆ ಕೂತ ಡಾಕ್ಟರನ್ನು ಅವಳು ನೋಡಿದ್ದು ಅಲ್ಲೇ.

ನಾನು ಡೈರಿ ಬರೆಯುವುದು ಥಿಯೇಟರಿನಲ್ಲಿ ಎಲ್ಲರಿಗೂ ಗೊತ್ತು. ಎರಡು ಆಪರೇಷನ್ ನಡುವೆ ಕಾಫಿ ಕೋಣೆಯಲ್ಲಿ ನಾಲ್ಕು ಸಾಲು ಗೀಚುತ್ತೇನೆ. "ಡೆನಾ, ಇವತ್ತು ನನ್ನ ಬಗ್ಗೆ ಒಳ್ಳೇದು ಬರಿ, ಕೂದಲು ಇನ್ನೂ ಇದೆ ಅಂತ," ಎಂದು ಡಾಕ್ಟರು ಬೋಳು ತಲೆ ಸವರಿಕೊಳ್ಳುತ್ತಿದ್ದರು.

ಅವರ ಕೂದಲಿನ ಬಗ್ಗೆ ನಾನು ಏನೂ ಬರೆದಿಲ್ಲ. ಬರೆದದ್ದು ಇವು:

ಫೆಬ್ರವರಿ ಒಂಬತ್ತು. ಹ್ಯಾಟಿಗೆ ಕೆಮ್ಮು, ಜೇನು ಹಾಕಿದ ಬಿಸಿನೀರು. ಡಾಕ್ಟರು ಕಾಫಿಗೆ ಹಾಲು ಸುರಿದದ್ದು ಕಪ್ಪಿನ ಪಕ್ಕಕ್ಕೆ ಬಿತ್ತು. ಒರೆಸಿ ಮತ್ತೆ ಸುರಿದರು, ಮತ್ತೆ ಪಕ್ಕಕ್ಕೆ.

ಫೆಬ್ರವರಿ ಇಪ್ಪತ್ತೆರಡು. ಕಾರಿನ ಬ್ಯಾಟರಿ ಸತ್ತಿತು. ನಾನು ಚಿಮುಟ ಚಾಚಿದೆ. ಡಾಕ್ಟರ ಕೈ ಒಂದು ಬೆರಳು ದೂರದಲ್ಲಿ ಗಾಳಿಯನ್ನು ಹಿಡಿಯಿತು. ನಾನೇ ಮುಂದೆ ತಂದು ಇಟ್ಟೆ.

ಮಾರ್ಚ್ ಹದಿನಾಲ್ಕು. ಮೆಟ್ಟಿಲ ಅಂಚನ್ನು ಪಾದದಿಂದ ತಡವಿ ಇಳಿಯುತ್ತಾರೆ. ಈ ತಿಂಗಳು ಅವರು ತಲೆಯ ಹಿಂದೆ ಕೂತೇ ಇಲ್ಲ. ಎಲ್ಲ ಕೇಸೂ ಬ್ರಿಟಾಗೆ.

ಹತ್ತು ವರ್ಷ ಕಣ್ಣಿನ ಮನೆಯಲ್ಲೇ ಕೆಲಸ ಮಾಡಿದವಳು ನಾನು. ಒಂದು ಕಣ್ಣಿನ ನಡುಭಾಗ ಕೆಟ್ಟರೆ ಆಳ ತಿಳಿಯುವುದಿಲ್ಲ, ಎಲ್ಲ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಚಪ್ಪಟೆ ಕಾಣುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದು ದಿನ ಕೈ ತೊಳೆಯುವಾಗ ಪಕ್ಕದಲ್ಲಿ ನಿಂತು, ನನ್ನ ಕಡೆ ತಿರುಗದೆ, "ಜೂನ್‌ವರೆಗೆ ಅಷ್ಟೇ ಡೆನಾ. ಬ್ರಿಟಾ ಮುಗಿಸಲಿ. ಆಮೇಲೆ ನಾನೂ ಮುಗಿಸ್ತೀನಿ," ಎಂದರು. ಸುಮ್ಮನಿರು ಎಂದು ಅವರು ಹೇಳಲಿಲ್ಲ. ನಾನಾಗಿಯೇ ಸುಮ್ಮನಾದೆ. ಏಳರಿಂದ ಮೂರು ಎಂಬ ಪಾಳಿಯ ಋಣ ನನ್ನ ನಾಲಿಗೆಯ ಮೇಲೆ ಕೂತಿತ್ತು.

ಬ್ರಿಟಾಳ ಕೈ ಚೆನ್ನಾಗಿತ್ತು. ಹಗುರ, ಅವಸರವಿಲ್ಲ. ಇಷ್ಟು ವರ್ಷದಲ್ಲಿ ಅಂಥ ಕೈ ನಾನು ಎರಡೋ ಮೂರೋ ನೋಡಿದ್ದೇನೆ. ಆದರೆ ಅವಳು ಇನ್ನೂ ಕಲಿಯುವವಳು. ತನ್ನ ಕಣ್ಣಿಗಿಂತ ಪಕ್ಕದ ಮೊಣಕಾಲನ್ನು ಹೆಚ್ಚು ನಂಬುತ್ತಿದ್ದಳು. ನಂಬಲೆಂದೇ ಕಲಿಸಿದ್ದೆವು.

ಏಪ್ರಿಲ್ ಹದಿನಾರರಂದು ಆರ್ವಿಲ್ ಟೆಂಚ್ ಬಂದರು. ಎಂಬತ್ತೊಂದು ವರ್ಷ. ಎಡಗಣ್ಣು ಕೊರಿಯಾ ಯುದ್ಧದಲ್ಲೇ ಹೋಗಿತ್ತು, ಅದರ ಜಾಗದಲ್ಲಿ ಗಾಜಿನದು. ಬಲಗಣ್ಣಿಗೆ ಪೊರೆ ಬಂದು, ಹಳೆಯ ಪಿಕಪ್ ಓಡಿಸುವುದು ಕಷ್ಟವಾಗಿತ್ತು. ಹೆಂಡತಿ ವರ್ನಾಗೆ ಗಾಡಿ ಓಡಿಸಲು ಬಾರದು. ಚರ್ಚು, ಅಂಗಡಿ, ನದಿಯ ಮೀನು, ಎಲ್ಲಕ್ಕೂ ಇವರೇ ಸಾರಥಿ.

ಒಂಟಿ ಕಣ್ಣು. ಡಾಕ್ಟರೇ ಕೂರಬೇಕು. ಕೂರಲಾಗದಿದ್ದರೆ ಸೇತುವೆಯಾಚೆ ಕಳಿಸಬೇಕು. ಕಳಿಸಿದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಹೇಳಬೇಕು. ಡಾಕ್ಟರು ಕೈ ತೊಳೆಯುವ ತೊಟ್ಟಿಯ ಮುಂದೆ ತುಂಬಾ ಹೊತ್ತು ನಿಂತಿದ್ದರು. ಆಮೇಲೆ ಬ್ರಿಟಾಗೆ, "ನೀನೇ ಹಿಂದೆ ಕೂತ್ಕೋ," ಎಂದರು.

"ಒಂಟಿ ಕಣ್ಣು, ಸರ್."

"ಗೊತ್ತು. ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿದೆ."

ಅದು ನಿಜವೇ ಆಗಿತ್ತು. ಮೂವತ್ತೊಂದು ವರ್ಷ ಮುರಿಯದ ಕಟ್ಟಳೆಯನ್ನು ಅವರು ಮುರಿದದ್ದು ಒಂದು ನಿಜ ಹೇಳಿ, ಇನ್ನೊಂದು ನಿಜ ಮುಚ್ಚಿಟ್ಟು. ನಾನು ಎರಡು ಗಜ ದೂರದಲ್ಲಿ ಸಲಕರಣೆ ಜೋಡಿಸುತ್ತ ನಿಂತಿದ್ದೆ.

"ಡಾಕ್ಟ್ರಮ್ಮಾ, ನಂದು ಎಷ್ಟನೇ ಕಣ್ಣು ನಿಮಗೆ?" ಬಟ್ಟೆಯಡಿಯಿಂದ ಟೆಂಚ್ ಕೇಳಿದರು.

"ಡಾಕ್ಟರ್ ಹೆನ್ನಿಂಗ್ ಮತ್ತೆ ನಾನು ಸೇರಿ ಮಾಡ್ತೀವಿ," ಎಂದಳು ಬ್ರಿಟಾ.

"ಸರಿ ಬಿಡಿ, ಇಬ್ಬರಿದೀರಲ್ಲ. ನಂಗೆ ಇರೋದೇ ಒಂದು."

ಹದಿನೆಂಟು ನಿಮಿಷ ಎಲ್ಲ ಸರಿಯಾಗಿತ್ತು. ಪೊರೆಯನ್ನು ಒಡೆದು ತುಂಡು ತುಂಡಾಗಿ ಹೀರಿ ತೆಗೆಯುತ್ತಿದ್ದಳು. ಅದರ ಹಿಂದೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಚೀಲ ಇರುತ್ತದೆ. ಅದು ಹರಿಯಬಾರದು. ಹರಿದರೆ ಆ ಕ್ಷಣವೇ ನಿಲ್ಲಿಸಬೇಕು. ಕಿಂಡಿಯ ನೋಟವನ್ನು ದೊಡ್ಡದಾಗಿ ತೋರಿಸುವ ಗೋಡೆಯ ಪರದೆಯ ಮೇಲೆ, ಕೊನೆಯ ತುಂಡಿನ ಅಂಚಿನಲ್ಲಿ, ಉಗುರಿನ ತುದಿಯಷ್ಟು ಕಪ್ಪು ಗೆರೆ ಮೂಡಿದ್ದನ್ನು ನಾನು ನೋಡಿದೆ. ಬ್ರಿಟಾಗೂ ಏನೋ ಅನಿಸಿರಬೇಕು. ಕೈ ನಿಂತಿತು. ಅವಳು ಮೊಣಕಾಲಿಗೆ ಕಾದಳು.

ನಾನೂ ಕಾದೆ. ಬಟ್ಟೆಯ ಕೆಳಗೆ ಆ ಎರಡು ಮೊಣಕಾಲುಗಳು ನಾನು ನಿಂತಲ್ಲಿಗೆ ಕಾಣುತ್ತಿದ್ದವು. ಡಾಕ್ಟರ ಕಾಲು ಅಲ್ಲಾಡಲಿಲ್ಲ. ಕಿಂಡಿಯಲ್ಲಿ ಕಣ್ಣಿಟ್ಟು, ಕೈ ಮೇಲೆ ಕೂತು, ಶಾಂತವಾಗಿ ನೋಡುತ್ತಿದ್ದರು. ಅವರ ಪಾಲಿಗೆ ಅಲ್ಲಿ ಆಳವೇ ಇರಲಿಲ್ಲ, ನಡುವೆ ಬರೀ ಮಸುಕು, ಅಷ್ಟು ಸಣ್ಣ ಗೆರೆ ಎಲ್ಲಿಂದ ಕಾಣಬೇಕು? ಮೊಣಕಾಲು ತಾಗದಿದ್ದರೆ ಎಲ್ಲ ಸರಿ. ಬ್ರಿಟಾ ಮುಂದುವರಿಸಿದಳು.

ನಾನು "ಡಾಕ್ಟ್ರೇ," ಎನ್ನಬಹುದಿತ್ತು. ಚಿಮುಟವನ್ನು ನೆಲಕ್ಕೆ ಬೀಳಿಸಬಹುದಿತ್ತು. ನಾಲ್ಕು ಸೆಕೆಂಡು, ಐದು ಸೆಕೆಂಡು ಇದ್ದಿರಬೇಕು. ಎರಡು ಜೊತೆ ಕಣ್ಣು ಕಿಂಡಿಯಲ್ಲಿರುವಾಗ ನರ್ಸ್ ಬಾಯಿ ತೆರೆಯುವ ಪದ್ಧತಿ ನಮ್ಮ ಕೋಣೆಯಲ್ಲಿ ಇಲ್ಲ. ಪದ್ಧತಿಯ ಹಿಂದೆ ನಿಂತುಕೊಂಡೆ.

ಕಪ್ಪು ಗೆರೆ ಬಾಯಿ ಬಿಟ್ಟಿತು. ಉಳಿದ ತುಂಡು ಕಣ್ಣಿನ ಹಿಂಭಾಗಕ್ಕೆ ಮುಳುಗಿಹೋಯಿತು, ಬಾವಿಗೆ ಬಿದ್ದ ಉಂಗುರದ ಹಾಗೆ. ಆಗ ಮಾತ್ರ ಡಾಕ್ಟರ ಮೊಣಕಾಲು ಒತ್ತಿತು. ಬ್ರಿಟಾ ಎದ್ದಳು, ಇವರು ಆ ಜಾಗಕ್ಕೆ ಸರಿದರು, ನನ್ನ ಕಡೆ ಕೈ ಚಾಚಿದರು. ನಾನು ಸಲಕರಣೆ ಇಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ತಂದು ಗಾಳಿಯಲ್ಲೇ ನಿಲ್ಲಿಸಿದರು. ಇಳಿಸಲಿಲ್ಲ. ಎಷ್ಟು ಇಳಿಸಬೇಕೋ ಅವರಿಗೆ ಗೊತ್ತಾಗಲಿಲ್ಲ. "ಮುಚ್ಚಿ, ಆಚೆ ದಡಕ್ಕೆ ಕಳಿಸೋಣ," ಎಂದರು, ತುಂಬಾ ಮೆಲ್ಲಗೆ.

"ಮುಗೀತಾ?" ಟೆಂಚ್ ಕೇಳಿದರು. "ಸಂಜೆ ಮೀನು ಹಿಡಿಯೋಕೆ ಹೋಗಬಹುದಾ?"

ಆಚೆ ದಡದಲ್ಲಿ ಎರಡು ಆಪರೇಷನ್ ಆಯಿತು. ಆದರೂ ಅಕ್ಷಿಪಟಲ ಕಿತ್ತು ಬಂದು ಆ ಕಣ್ಣೂ ಹೋಯಿತು. ಮೇ ತಿಂಗಳಲ್ಲಿ ವರ್ನಾ ತೋಳು ಹಿಡಿದು ಅವರನ್ನು ಕರೆತಂದಳು. ಪಕ್ಕದ ಮನೆಯವರ ಗಾಡಿಯಲ್ಲಿ ಬಂದಿದ್ದರು. ಪಿಕಪ್ಪಿನ ಬೀಗದ ಕೈ ಇನ್ನೂ ಟೆಂಚ್ ಅವರ ಸೊಂಟದಲ್ಲೇ ಇತ್ತು. "ಆ ಹುಡುಗಿ ಎಲ್ಲಮ್ಮಾ?" ಎಂದು ಕೇಳಿದರು. ಬ್ರಿಟಾ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಇವತ್ತು ರಜೆ ಎಂದೆ. "ಇಬ್ಬರೂ ಸೇರಿ ಮಾಡ್ತೀವಿ ಅಂದಿದ್ಲು," ಎಂದರು. ಬೈಗುಳವಲ್ಲ. ಏನೋ ಮರೆತದ್ದನ್ನು ನೆನಪಿಸಿಕೊಳ್ಳುವವರ ದನಿ.

ಕಾಗದದಲ್ಲಿ ಆಪರೇಷನ್ ಮಾಡಿದವರ ಹೆಸರು ಬ್ರಿಟಾ ಲುಂಡೀನ್. ಚೀಲ ಹರಿದದ್ದು ಕಂಡೂ ಮುಂದುವರಿಸಿದಳು ಎಂಬುದು ಅವಳ ಮೇಲಿನ ಆರೋಪ. ಅವಳು ಒಂದು ಸಲವೂ ಮೊಣಕಾಲಿನ ಮಾತೆತ್ತಲಿಲ್ಲ. ಊಟ ಬಿಟ್ಟಿದ್ದಾಳೆ. ಶನಿವಾರ ಹಂದಿಯ ಕಣ್ಣಿನ ಮುಂದೆ ಕೂರಿಸಿದರೆ ಚಾಕು ಮುಟ್ಟದೆ ಎದ್ದು ಹೋದಳು.

ಈ ಭಾನುವಾರ ನಮ್ಮ ಅಡುಗೆಮನೆಯಲ್ಲಿ ಕೂತು ಡಾಕ್ಟರು ಹೇಳಿದ್ದಿಷ್ಟು. ಎರಡು ವಾರದ ಹಿಂದೆಯೇ ಮುಖ್ಯಸ್ಥರ ಹತ್ತಿರ ಹೋಗಿದ್ದರಂತೆ. "ನನ್ನ ಬಲಗಣ್ಣಿನ ನಡುವೆ ತೂತಾಗಿದೆ, ಚಳಿಗಾಲದಿಂದಲೇ ಇದೆ, ಅವತ್ತು ನನಗೆ ಕಾಣಲಿಲ್ಲ, ತಪ್ಪು ನನ್ನದು," ಎಂದರಂತೆ.

"ಅವನು ಏನಂದ ಗೊತ್ತಾ? ಎದ್ದು ಬಂದು ನನ್ನ ಭುಜ ತಟ್ಟಿದ. 'ಆರ್ಲೋ, ನಿಮ್ಮ ಗುಣ ನಂಗೊತ್ತಿಲ್ವಾ? ನಾನು ಕಲಿಯೋವಾಗ ಕಣ್ಣು ಕೆಡಿಸಿದಾಗಲೂ ಹೀಗೇ ಅಡ್ಡ ನಿಂತಿದ್ರಿ. ಹುಡುಗರ ತಪ್ಪನ್ನೆಲ್ಲ ತಲೆ ಮೇಲೆ ಹಾಕ್ಕೋತೀರ,' ಅಂದ."

"ಕಣ್ಣು ಪರೀಕ್ಷೆ ಮಾಡಿ ಅನ್ನಬೇಕಿತ್ತು," ಎಂದೆ.

"ಮಾಡಿದ್ರು. ತೂತು ಇದೆ. ಈಗ ಇದೆ. ಏಪ್ರಿಲ್‌ನಲ್ಲಿ ಇತ್ತು ಅನ್ನೋದಕ್ಕೆ ನನ್ನ ಬಾಯಿಮಾತು ಬಿಟ್ಟು ಏನಿದೆ? ನಾನು ಯಾರ ಹತ್ರಾನೂ ತೋರಿಸ್ಲಿಲ್ಲ. ಒಂದು ಚೀಟಿ ಇಲ್ಲ." ನಿಜವಾಗಿ ಅಡ್ಡ ನಿಲ್ಲಬೇಕಾದ ಹೊತ್ತಿಗೆ ಅವರ ಒಳ್ಳೆಯತನವೇ ಅವರ ಮಾತನ್ನು ಸುಳ್ಳು ಮಾಡಿತ್ತು. "ರಸೆಲ್ ಹೋದ. ಅವನ ಕೈಯಿಂದ ನಾನು ಕಿತ್ಕೊಂಡೆ. ಇವಳೂ ಹೋಗ್ತಾಳೆ. ಇವಳ ಕೈಯಿಂದ ಕಿತ್ಕೋಬೇಕಾಗಿತ್ತು, ಕಿತ್ಕೊಳ್ಳಲಿಲ್ಲ."

ಕಿಟಕಿಯಾಚೆ ಹ್ಯಾಟಿ ಉಯ್ಯಾಲೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ನಾನು ಕಾಫಿ ಬಗ್ಗಿಸಿ ಕಪ್ಪನ್ನು ಅವರ ಮುಂದಿಟ್ಟೆ. ಹಾಲನ್ನೂ ನಾನೇ ಹಾಕಿದೆ. ಅವರು ಆ ಹಾಲಿನ ಜಗ್ಗನ್ನು ನೋಡಿದರು, ಆಮೇಲೆ ನನ್ನನ್ನು.

"ಯಾವಾಗಿಂದ ನಿಂಗೆ ಗೊತ್ತು?"

"ಫೆಬ್ರವರಿ."

"ಬರ್ದಿದೀಯಾ?"

ನಾನು ತಲೆಯೆತ್ತಿ ನೋಡಿದೆ. ಪುಸ್ತಕ ಫ್ರಿಜ್ ಮೇಲೆ, ಅವರ ತಲೆಯಿಂದ ಎರಡು ಅಡಿ ದೂರದಲ್ಲಿತ್ತು. ಅದರಲ್ಲಿ ಹಾಲು ಪಕ್ಕಕ್ಕೆ ಬಿದ್ದ ದಿನ ಇದೆ, ಗಾಳಿ ಹಿಡಿದ ಕೈ ಇದೆ. ಏಪ್ರಿಲ್ ಹದಿನಾರರ ಪುಟದಲ್ಲಿ ನಾನೇ ನನ್ನ ಕೈಯಾರೆ ಬರೆದಿದ್ದೇನೆ: ಗೆರೆ ನನಗೆ ಕಂಡಿತು, ನಾನು ಮಾತಾಡಲಿಲ್ಲ. ಅದನ್ನು ಓದಿದ ಮೇಲೆ ನನ್ನನ್ನು ಯಾವ ಆಪರೇಷನ್ ಕೋಣೆಯೂ ಒಳಗೆ ಬಿಡುವುದಿಲ್ಲ. ಕರ್ಟ್‌ಗೆ ಇನ್ನೂ ಹೇಳಿಲ್ಲ.

ಡಾಕ್ಟರು ಆಗ ಮೊದಲ ಸಲ ತೊಡೆಯಡಿಯಿಂದ ಕೈ ತೆಗೆದು ಮೇಜಿನ ಮೇಲೆ ಇಟ್ಟರು. ಬೆರಳುಗಳು ಒತ್ತಿ ಒತ್ತಿ ಬಿಳಿಚಿದ್ದವು.

"ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ ಅಂತ ಗೊತ್ತು. ಗೊತ್ತಿದ್ದೂ ಕೇಳ್ತಿದೀನಿ, ಇಷ್ಟು ವರ್ಷದಲ್ಲಿ ನಿನ್ನನ್ನ ಏನೂ ಕೇಳಿಲ್ಲ. ಬುಧವಾರ ಹತ್ತು ಗಂಟೆಗೆ ಬಾ ಡೆನಾ. ಆ ಪುಸ್ತಕ ತಗೊಂಡು ಬಾ. ನನ್ನ ಕೈಗೆ ಕೊಡಬೇಡ, ಸಣ್ಣ ಅಕ್ಷರ ನಂಗೀಗ ಕಾಣಲ್ಲ. ನೀನೇ ನಿಂತ್ಕೊಂಡು ಗಟ್ಟಿಯಾಗಿ ಓದು. ಹಾಲಿಂದ ಶುರು ಮಾಡು. ಅವತ್ತು ನೀನೂ ಪರದೆ ನೋಡ್ತಿದ್ದೆ, ನಿನ್ನ ಪುಟಾನೂ ಬಿಡಬೇಡ."